ಸಲಹೆಗಾರರ ಮೈ ತಡಕಬೇಡ

ಸರ್ಫರಾಜ್‌ನ ಕಂಪನಿಗಿದ್ದ ಆಸ್ತಿಯೆಂದರೆ ದಪ್ಪ ತೋಳಿನ ಹುಡುಗರು. ಹೆಬ್ಬಾಳದ ಸುತ್ತಮುತ್ತಲ ಪಬ್ಬು, ಮದುವೆ ಹಾಲ್‌ಗಳಿಗೆಲ್ಲ ಬೌನ್ಸರ್‌ಗಳು ಅವನ ಕಡೆಯಿಂದಲೇ ಹೋಗುತ್ತಿದ್ದರು. ಬಾಗಿಲಲ್ಲಿ ನಿಂತು ಒಳಗೆ ಹೋಗುವವರ ಮೈ ತಡಕಿ ನೋಡುವುದು ಅವರ ಕಸುಬು. ಮದುಮಗನನ್ನೂ ಸುಮ್ಮನೆ ಬಿಟ್ಟವರಲ್ಲ.

ಆ ಹುಡುಗರಲ್ಲೊಬ್ಬ ಮುಬಶ್ಶಿರ್, ಸರ್ಫರಾಜ್‌ನ ಹೆಂಡತಿ ರುಖ್ಸಾರ್‌ಳ ತಮ್ಮ. ಕೆಂಪಾಪುರದ ನರೇಂದ್ರನಿಗೂ ಅಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ಲಕ್ಕಣ್ಣನಿಗೂ ಹಳೇ ಹಗೆ. ಇಬ್ಬರೂ ರೌಡಿಗಳು. ಅವರ ಕಡೆಯವರು ಎಲ್ಲಿ ಎದುರಾದರೂ ಹೊಡೆದಾಟ, ನಡುವೆ ನಿಂತ ಬೌನ್ಸರ್‌ಗೆ ಎರಡೂ ಕಡೆಯ ಏಟು. ಹೋದ ವರ್ಷ ಒಬ್ಬರ ಕಡೆಯವರು ಮುಬಶ್ಶಿರ್‌ನ ದವಡೆ ಮುರಿದರು. ಅದು ವಾಸಿಯಾಗುವಷ್ಟರಲ್ಲಿ ಇನ್ನೊಬ್ಬರ ಕಡೆಯವರು ಕೈ ಮುರಿದರು.

"ನನಗಿರೋದು ಒಬ್ನೇ ತಮ್ಮ. ಇನ್ನೊಂದ್ಸಲ ಅವನ ಮೈಮೇಲೆ ರಕ್ತ ನೋಡಿದ್ರೆ ನಿಮ್ಮ ಮನೇಲಿ ಇರಲ್ಲ," ಎಂದಳು ರುಖ್ಸಾರ್. ಆಡಿದ್ದನ್ನು ಮಾಡುವ ಹೆಂಗಸು. ಸರ್ಫರಾಜ್‌ಗೆ ನಿಜಕ್ಕೂ ಹೆದರಿಕೆಯಾಯಿತು.

ಆಗಲೇ ಟೆಕ್ ಪಾರ್ಕ್ ಒಂದರವರು, ತಮ್ಮಲ್ಲಿ ಕಾವಲಿನ ಕೆಲಸ ಬೇಕಾದರೆ ಕಂಪನಿಗೆ ಅನುಭವಸ್ಥರ ಸಲಹಾ ಮಂಡಳಿಯೊಂದು ಇರಲಿ ಎಂದರು. ಆಫೀಸು ನೋಡಿಕೊಳ್ಳುತ್ತಿದ್ದ ಧಾರವಾಡದ ಸ್ಮಿತಾ, "ರಿಟೈರ್ ಆದ ಪೊಲೀಸ್ ಸಾಹೇಬರೊಬ್ರು, ವಕೀಲರೊಬ್ರು ಸಾಕ್ರೀ ಸರ," ಎಂದಳು.

"ನಮ್ಮ ಹುಡುಗ್ರನ್ನ ಹೊಡಿಯೋರೇ ಬೋರ್ಡಲ್ಲಿ ಕೂತ್ರೆ, ಆಮೇಲೆ ಹೊಡಿಯೋರು ಯಾರು?" ಎಂದ ಸರ್ಫರಾಜ್. ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡು, ನರೇಂದ್ರನನ್ನೂ ಲಕ್ಕಣ್ಣನನ್ನೂ ಮನೆಗೇ ಹೋಗಿ ಕರೆದುಬಂದ.

ಮೊದಲ ಸಭೆಗೆ ಗಾಜಿನ ಕೋಣೆಯಲ್ಲಿ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಿದ್ಧವಾದವು. ಬಾಗಿಲಲ್ಲಿದ್ದ ಮುಬಶ್ಶಿರ್, "ದುಲ್ಹೇಭಾಯ್, ಇವರನ್ನ ಚೆಕ್ ಮಾಡ್ಲಾ?" ಎಂದು ಭಾವನನ್ನು ಕೇಳಿದ.

"ತಲೆ ಕೆಟ್ಟಿದೆಯೇನೋ? ಅವ್ರು ಇವತ್ತಿಂದ ನಮ್ಮ ಸಲಹೆಗಾರರು. ಸಲಾಂ ಹೊಡೆದು ಒಳಗೆ ಬಿಡು."

ಲಕ್ಕಣ್ಣ ವಯಸ್ಸಿನಲ್ಲಿ ದೊಡ್ಡವನು. ಹಿರಿಯರಿಗೆ ಮೊದಲು ಮರ್ಯಾದೆ ಎಂದುಕೊಂಡು ಸರ್ಫರಾಜ್ ಮೊದಲ ಪೇಟವನ್ನು ಅವನ ತಲೆಗಿಟ್ಟ.

"ಅಂದ್ರೆ ನಾನು ಇವನ ಕೆಳಗಾ?" ನರೇಂದ್ರ ಕೇಳಿದ.

"ಅಯ್ಯೋ, ವಯಸ್ಸು ನೋಡಿ ಇಟ್ಟೆ ಅಣ್ಣಾ..."

"ಕೆಳಗೇ ಕಣ್ಲಾ," ಲಕ್ಕಣ್ಣ ಪೇಟ ಸರಿಮಾಡಿಕೊಂಡು ನಕ್ಕ. "ಒಸದಾಗಿ ಗೊತ್ತಾಯ್ತಾ?"

ನರೇಂದ್ರ ಹಣ್ಣಿನ ಬುಟ್ಟಿ ಎತ್ತಿ ಆ ನಗುವಿನ ಮೇಲೇ ಬಡಿದ. ಸೇಬುಗಳು ಉರುಳಿ ನಿಲ್ಲುವ ಮೊದಲೇ ಅಂಗಿಯಡಿಯಿಂದ ಚೂರಿ ಬಂದಿತ್ತು. ಲಕ್ಕಣ್ಣನ ಕೆನ್ನೆ ಕಿವಿಯವರೆಗೆ ಸೀಳಿತು, ಪೇಟ ಕೆಂಪಾಯಿತು. ಅವನೂ ಬರಿಗೈಲಿ ಬಂದಿರಲಿಲ್ಲ. ಬೀಸಿದ ಏಟಿಗೆ ನರೇಂದ್ರನ ಬೆರಳು ತುಂಡಾಗಿ ಮೇಜಿನ ಮೇಲೆ ಬಿತ್ತು. ಇಬ್ಬರೂ ತಬ್ಬಿಕೊಂಡು ಉರುಳಿದಾಗ ಗಾಜಿನ ಗೋಡೆ ಪುಡಿಪುಡಿಯಾಯಿತು. ಮೂಲೆಯಲ್ಲಿ ಸ್ಮಿತಾ ಕಿವಿ ಮುಚ್ಚಿಕೊಂಡು ಕೂತಳು.

ಎದ್ದು ಮತ್ತೆ ಮೇಲೆ ಬಿದ್ದ ಇಬ್ಬರ ನಡುವೆ ಮುಬಶ್ಶಿರ್ ಕೈಚಾಚಿ ನುಗ್ಗಿದ. ಮೊದಲು ನಡುವೆ ನುಗ್ಗು, ಆಮೇಲೆ ಯೋಚಿಸು ಎಂದು ಸರ್ಫರಾಜ್ ಕಲಿಸಿದ್ದ. ನರೇಂದ್ರನ ಚೂರಿ ಹಿಡಿಯವರೆಗೂ ಅವನ ಹೊಟ್ಟೆಯೊಳಗಿಳಿಯಿತು. ಅದೇ ಗಳಿಗೆಗೆ ಲಕ್ಕಣ್ಣನ ಚೂರಿ ಬೆನ್ನಿಗೆ ಬಿತ್ತು. ಇರಿದದ್ದು ಯಾರನ್ನೆಂದು ಇಬ್ಬರೂ ನೋಡಲಿಲ್ಲ.

ಸರ್ಫರಾಜ್ ಕುರ್ಚಿ ಎತ್ತಿ, ಅದರ ಕಾಲು ಮುರಿಯುವವರೆಗೂ ನರೇಂದ್ರನ ತಲೆಗೆ ಹೊಡೆದ. ಲಕ್ಕಣ್ಣ ಮುಖ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದ. ಸರ್ಫರಾಜ್ ನರೇಂದ್ರನಿಗೆಂದು ತಂದಿದ್ದ ಶಾಲನ್ನು ಮುಬಶ್ಶಿರ್‌ನ ಹೊಟ್ಟೆಗೆ ಒತ್ತಿ ಹಿಡಿದ. ಶಾಲು ನೆನೆದು ಭಾರವಾಯಿತು.

"ಇಬ್ರ ಸೊಂಟದ ಹತ್ರಾನೂ ಉಬ್ಬಿತ್ತು ದುಲ್ಹೇಭಾಯ್," ಎಂದ ಮುಬಶ್ಶಿರ್. "ನೋಡಿದ್ದೆ." ಹೆಬ್ಬಾಳ ಫ್ಲೈಓವರ್ ಮೇಲೆ ಆಂಬುಲೆನ್ಸ್ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಅವನ ಉಸಿರು ಹೋಯಿತು.

ಆಸ್ಪತ್ರೆಗೆ ಬಂದ ರುಖ್ಸಾರ್ ಅಳಲಿಲ್ಲ. ಗಂಡನ ಅಂಗಿ ತುಂಬ ಇದ್ದದ್ದು ತಮ್ಮನ ರಕ್ತವೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

"ಬಾಗಿಲಲ್ಲಿ ಯಾರಿದ್ರು?" ಎಂದು ಕೇಳಿದಳು.

"ಅವನೇ."

"ಅವನು ಯಾರನ್ನೂ ತಡಕದೆ ಬಿಡೋನಲ್ಲ. ನಮ್ಮ ಮದುವೇಲಿ ನಿಮ್ಮನ್ನೇ ತಡಕಿದ್ದ. ಇವತ್ತು ಬೇಡ ಅಂದೋರು ಯಾರು?"

ಸರ್ಫರಾಜ್ ನೆಲ ನೋಡುತ್ತ, "ನಾನೇ," ಎಂದ.

ಅವಳು ಪರ್ಸಿನಿಂದ ಮನೆಯ ಬೀಗದ ಕೈ ತೆಗೆದು ಅವನ ಪಕ್ಕದ ಬೆಂಚಿನ ಮೇಲಿಟ್ಟು, ತಮ್ಮನಿದ್ದ ಕೋಣೆಗೆ ಹೋದಳು.