ಅರ್ಧ ಡಾಕ್ಟರ ಪಾದ

ಮೂಲೆಯ ಔಷಧಿ ಅಂಗಡಿಯವರಿಗೆ ಬೀದಿಯ ಜನ 'ಅರ್ಧ ಡಾಕ್ಟರು' ಅಂತ ಹೆಸರಿಟ್ಟಿದ್ದರು. ಪುಣ್ಯಾತ್ಮರು ಅದನ್ನು ಬಿರುದು ಎಂದೇ ತಿಳಿದು ಮೀಸೆ ತಿರುವುತ್ತಿದ್ದರು. ಕೆಮ್ಮು ಅಂತ ಬಂದವರಿಗೂ, ಹಲ್ಲುನೋವು ಅಂತ ಬಂದವರಿಗೂ, ಸುಮ್ಮನೆ ಮೈಭಾರ ಅಂದವರಿಗೂ ಆಂಟಿಬಯಾಟಿಕ್ ಪಟ್ಟಿಯಿಂದ ಒಂದೆರಡು ಮಾತ್ರೆ ಕತ್ತರಿಸಿ ಕೊಡುವುದೇ ಅವರ ಚಿಕಿತ್ಸೆ.

"ಇಷ್ಟು ಸಾಕು. ಮೈ ಹಗುರ ಆದ ಕೂಡ್ಲೆ ನಿಲ್ಸಿ. ಉಳಿದಿದ್ದು ಮನೇಲಿಟ್ಕೊಳ್ಳಿ, ಯಾರಿಗಾದ್ರೂ ಆಗುತ್ತೆ." ಎಂಥ ಧಾರಾಳ ನೋಡಿ!

ಹೀಗಿರುವಾಗ ಹೊಸ ಚಪ್ಪಲಿ ಕಚ್ಚಿ ಅವರದೇ ಬೆರಳ ಬುಡದಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಕಾಲು ಬೇರೆ. ಅಂಗಡಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಎರಡೆರಡರಂತೆ ನುಂಗಿ ನೋಡಿದರು. ಹುಣ್ಣು ಯಾವುದಕ್ಕೂ ಸೊಪ್ಪು ಹಾಕದೆ ಪಾದದ ಮೇಲಕ್ಕೆ ಹಬ್ಬಿತು. ಕೊನೆಗೆ, ಆಸ್ಪತ್ರೆಯಲ್ಲಿ ನಿಜವಾದ ಡಾಕ್ಟರಾಗಿದ್ದ ಸೊಸೆಯ ಮುಂದೆ ಕಾಲು ಚಾಚಲೇಬೇಕಾಯಿತು.

ಸೊಸೆ ಕೀವು ಪರೀಕ್ಷೆ ಮಾಡಿಸಿದಳು. "ಮಾವ, ಈ ಬ್ಯಾಕ್ಟೀರಿಯಾ ಯಾವ ಮಾತ್ರೆಗೂ ಜಗ್ಗಲ್ಲ. ಎಲ್ಲ ಔಷಧಾನೂ ಚೂರುಚೂರು ರುಚಿ ನೋಡಿ ಪಳಗಿಬಿಟ್ಟಿದೆ. ನಿಮ್ಮ ಅಂಗಡೀಲೇ ತರಬೇತಿ ಆಗಿರಬೇಕು."

"ಮಾತು ನೋಡು ಇವಳದ್ದು!" ಎಂದು ಗೊಣಗಿದರೂ ಅರ್ಧ ಡಾಕ್ಟರಿಗೆ ಪಾದವನ್ನೇ ಕತ್ತರಿಸಬೇಕಾದೀತು ಎಂಬ ಭಯ ಹತ್ತಿತು. ಪಾದ ಹೋದರೆ ಕೌಂಟರಿನ ಹಿಂದೆ ನಿಲ್ಲುವುದು ಹೇಗೆ? ನಿಲ್ಲದಿದ್ದರೆ ತಮ್ಮನ್ನು ಡಾಕ್ಟರೇ ಅನ್ನುವವರು ಯಾರು?

ಆ ಆಸ್ಪತ್ರೆಯಲ್ಲಿ ಹೊಸ ಜೆಲ್ ಒಂದರ ಪ್ರಯೋಗ ನಡೆದಿತ್ತು. ಬೆಂದ ಮೊಟ್ಟೆಯ ಬಿಳಿಯಂತೆ ಮೆತ್ತಗಿನ ಹಾಳೆ. ಒಳಗೆ ಕಣ್ಣಿಗೆ ಕಾಣದ ನ್ಯಾನೊ ಕಣಗಳು, ಆ ಕಣಗಳ ಹೊಟ್ಟೆಯಲ್ಲಿ ಔಷಧಿ. ಹುಣ್ಣಿನ ಮೇಲೆ ಅಂಟಿಸಿದರೆ ಬ್ಯಾಕ್ಟೀರಿಯಾ ಇದ್ದಲ್ಲೇ ಔಷಧಿ ಬಿಡುವಿಲ್ಲದೆ ಒಸರುತ್ತದೆ. ಮೈಯೆಲ್ಲ ಸುತ್ತಿ ಬರುವ ಮಾತ್ರೆಯಿಂದ ಅಷ್ಟು ಔಷಧಿಯನ್ನು ಅಲ್ಲಿಗೆ ತಲುಪಿಸಲಾಗದು. ಸೊಸೆ ಅದನ್ನು ಪಾದಕ್ಕೆ ಹೊದಿಸಿ ಪಟ್ಟಿ ಕಟ್ಟಿದಳು.

"ನಾನು ಬಿಚ್ಚೋವರೆಗೂ ಮುಟ್ಟಬೇಡಿ. ನೋವು ಹೋದ್ರೂ ಮುಟ್ಟಬೇಡಿ. ಇದೂ ಕೈಕೊಟ್ರೆ ಕಾಲು ಉಳಿಯಲ್ಲ ಮಾವ."

ಮನೆಗೆ ಬಂದು ಕೆಲವೇ ದಿನಕ್ಕೆ ಊತ ಇಳಿಯಿತು, ಜ್ವರ ಬಿಟ್ಟಿತು. ಅಷ್ಟೇ ಸಾಕಾಯಿತು, ಅರ್ಧ ಡಾಕ್ಟರ ಹಳೆಯ ಬುದ್ಧಿ ಮತ್ತೆ ತಲೆ ಎತ್ತಿತು. ಅದೇ ಹೊತ್ತಿಗೆ ಅವರ ತಂಗಿ ಬಂದು, ಗಂಡನ ಕುತ್ತಿಗೆಯ ಮೇಲೆ ಕುರು ಎದ್ದಿದೆ ಅಂತ ಕಣ್ಣೀರಿಟ್ಟಳು. ಅಣ್ಣನ ಕರುಳು ಚುರುಕ್ಕೆಂದಿತು. ಪಟ್ಟಿ ಬಿಚ್ಚಿ ಕತ್ತರಿ ಹಿಡಿದರು.

"ಏನ್ರೀ ಮಾಡ್ತಿದ್ದೀರಾ?" ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. "ಮುಟ್ಟಬೇಡಿ ಅಂದಿಲ್ವಾ ಅವಳು?"

"ನಿನಗೇನು ಗೊತ್ತಾಗುತ್ತೆ, ಸುಮ್ನಿರು. ನನಗೆ ಗುಣ ಆಯ್ತಲ್ಲ, ಇನ್ನೂ ಇಷ್ಟಗಲ ಯಾಕೆ? ದಂಡ!" ಎಂದು ಹಾಳೆಯ ಅರ್ಧ ಕತ್ತರಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ ತಂಗಿಯ ಕೈಗಿತ್ತು, ಮಿಕ್ಕದ್ದರ ಮೇಲೆ ಮತ್ತೆ ಪಟ್ಟಿ ಕಟ್ಟಿಕೊಂಡರು.

ಪಟ್ಟಿ ಬಿಚ್ಚುವ ದಿನ ಹೆಂಡತಿಯೇ ಅವರನ್ನು ಆಸ್ಪತ್ರೆಗೆ ಕರೆತಂದಳು. ಸೊಸೆ ಬಗ್ಗಿ ಪಾದ ನೋಡಿದಳು. ಜೆಲ್ ಇದ್ದ ಕಡೆ ಹೊಸ ಚರ್ಮ ಬರುತ್ತಿತ್ತು. ಇಲ್ಲದ ಕಡೆ ಎರಡು ಬೆರಳು ಇದ್ದಿಲಾಗಿದ್ದವು. ನಡುವೆ ಕತ್ತರಿ ಹೋದ ಗೆರೆ ನೆಟ್ಟಗೆ ಕಾಣುತ್ತಿತ್ತು.

"ಉಳಿದರ್ಧ ಎಲ್ಲಿ?"

"ಸ್ನಾನ ಮಾಡೋವಾಗ ಜಾರಿ ಹೋಯ್ತಮ್ಮ."

"ಸುಳ್ಳು ಹೇಳ್ಬೇಡಿ ಮಾವ! ನಿಮ್ಮ ತಂಗಿ ಗಂಡ ಪಕ್ಕದ ವಾರ್ಡಲ್ಲಿ ಜ್ವರದಲ್ಲಿ ಒದ್ದಾಡ್ತಿದ್ದಾರೆ. ಅವರ ಕುತ್ತಿಗೇಲೂ ನಿಮ್ಮದೇ ಬ್ಯಾಕ್ಟೀರಿಯಾ. ತಂಗಿ ಎಲ್ಲಾ ಹೇಳಿದ್ರು." ಸೊಸೆ ಕತ್ತರಿಯ ಗೆರೆಯತ್ತ ಬೆರಳು ತೋರಿಸಿದಳು. "ಪೂರ್ತಿ ಪಾದ ಉಳೀತಿತ್ತು. ಪೂರ್ತಿ!"

ಅರ್ಧ ಡಾಕ್ಟರು ನಾಚಿಕೆಯಿಂದ ಕುಗ್ಗಿಹೋದರು. ಅಷ್ಟರಲ್ಲಿ ಸರ್ಜನ್ ಬಂದರು. ಎರಡು ಬೆರಳೂ ಇವತ್ತೇ ಹೋಗಬೇಕು, ತಡ ಮಾಡಿದರೆ ಪಾದವೇ ಹೋಗುತ್ತದೆ ಎಂದರು.

ಕುಗ್ಗಿದ್ದವರು ಮೆಲ್ಲಗೆ ತಲೆ ಎತ್ತಿದರು. ಹಣೆಯ ಬೆವರು ಒರೆಸಿಕೊಂಡು, ದನಿ ತಗ್ಗಿಸಿ, ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಹೇಳುವ ಗತ್ತಿನಲ್ಲಿ ಶುರು ಮಾಡಿದರು: "ಸಾರ್, ಸದ್ಯಕ್ಕೆ ಒಂದು ತೆಗೀರಿ. ಗುಣ ಕಂಡ್ರೆ ಇನ್ನೊಂದು..."

"ಬಾಯಿ ಮುಚ್ಕೊಂಡಿರ್ರೀ!" ಹೆಂಡತಿಯ ಕೂಗಿಗೆ ವಾರ್ಡೆಲ್ಲ ತಿರುಗಿ ನೋಡಿತು. ಅವಳು ಅಳುತ್ತಿದ್ದಳು. "ಡಾಕ್ಟ್ರೇ, ಎರಡೂ ತೆಗೀರಿ. ಇವರನ್ನ ಏನೂ ಕೇಳ್ಬೇಡಿ."