ಲಂಡನ್ನಿಗೆ ಹೋದ ಹುಣಸೆ ಕೊರಡು

ನಾನು ಒಂದು ಹುಣಸೆ ಕೊರಡು. ಮಂಕಾಗಿ ನಿಂತವರನ್ನು ‘ಏನು ಕೊರಡಿನ ಹಾಗೆ ನಿಂತಿದ್ದೀಯ’ ಎಂದು ನೀವು ಬಯ್ಯುತ್ತೀರಂತೆ. ಬಯ್ಯಿರಿ, ಬೇಸರವಿಲ್ಲ. ಆದರೆ ನಾನು ಕೂತಲ್ಲೇ ಕೂತು ಕಂಡಷ್ಟನ್ನು ಓಡಾಡುವವರೂ ಕಂಡಿರಲಿಕ್ಕಿಲ್ಲ.

ಹುಟ್ಟಿದ್ದು ಉತ್ತರ ಥಾಯ್ಲೆಂಡಿನಲ್ಲಿ, ನಾನ್ ನದಿಯ ದಂಡೆಯ ಒಂದು ಹಳ್ಳಿಯಲ್ಲಿ. ಆಗ ನಾನು ಮರ. ಸಂಜೆಯಾದರೆ ಎಲೆಗಳನ್ನೆಲ್ಲ ಮಡಿಸಿಕೊಂಡು ಮಲಗಿಬಿಡುತ್ತಿದ್ದೆ. ಒಂದು ಬಿರುಗಾಳಿಗೆ ಬುಡಸಮೇತ ಉರುಳಿದೆ. ಇಂಕೇವ್ ಎಂಬಾತ ನನ್ನ ಕಾಂಡದಿಂದ ದಪ್ಪನೆಯ ಒಂದು ಬಿಲ್ಲೆ ಕೊಯ್ದು, ಮಾಂಸ ಕೊಚ್ಚುವ ಕೊರಡಾಗಲೆಂದು ಮನೆಗೆ ಹೊತ್ತುಕೊಂಡು ಹೋದ. ಎಲೆ ಹೋದರೂ ಅಭ್ಯಾಸ ಹೋಗಲಿಲ್ಲ ನೋಡಿ, ಸಂಜೆಯಾದರೆ ಈಗಲೂ ನನಗೆ ಜೊಂಪು ಹತ್ತುತ್ತದೆ.

ಇಂಕೇವ್ ಲಾಪ್ ಮಾಡುವುದರಲ್ಲಿ ಎತ್ತಿದ ಕೈ. ಮಾಂಸವನ್ನು ನುಣ್ಣಗೆ ಕೊಚ್ಚಿ, ಹುರಿದ ಮಸಾಲೆ ಬೆರೆಸಿದರೆ ಅದೇ ಲಾಪ್. ಊರಲ್ಲಿ ಯಾರ ಹೊಸ ಮನೆಯ ಊಟವೂ ಅದಿಲ್ಲದೆ ನಡೆಯದು. ಕೊಚ್ಚುವುದು ಮಾತ್ರ ಗಂಡಸರ ಕೆಲಸ. ಇಂಕೇವ್ ಎರಡೂ ಕೈಯಲ್ಲಿ ಮಚ್ಚು ಹಿಡಿದು ನನ್ನ ಮುಂದೆ ಕೂತನೆಂದರೆ ಟಕಟಕ ಟಕಟಕ ಸದ್ದು ಕೇರಿಗೆಲ್ಲ ಕೇಳುತ್ತಿತ್ತು. ಬೇರೆ ಕರೆಯೇ ಬೇಕಿರಲಿಲ್ಲ, ಸದ್ದು ಕೇಳಿದವರೆಲ್ಲ ಊಟಕ್ಕೆ ಬರುತ್ತಿದ್ದರು. ಏಟು ತಿಂದೂ ತಿಂದೂ ನನ್ನ ನಡುವೆ ಒಂದು ತಗ್ಗು ಬಿತ್ತು. ನಿಜ ಹೇಳುತ್ತೇನೆ, ನನಗದು ಇಷ್ಟವಾಗಿತ್ತು.

ಅವನ ಮಗಳು ಬುವಾಕಾಮ್ ಎದುರಿಗೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು.

“ಅಪ್ಪಾ, ನಾನೂ ಒಂಚೂರು ಕೊಚ್ಲಾ?”

“ನಿಂಗ್ಯಾಕೆ ಅದು? ಹೋಗಿ ಸೊಪ್ಪು ತೊಳಿ, ಹೋಗು.”

ಸೊಪ್ಪು ತೊಳೆಯುತ್ತಲೇ ಅವಳ ಬೆರಳುಗಳು ಬಟ್ಟಲಿನ ಅಂಚಿನ ಮೇಲೆ ಅಪ್ಪನ ತಾಳ ಹಾಕುತ್ತಿದ್ದವು. ಅದನ್ನು ನಾನೊಬ್ಬನೇ ಕೇಳಿಸಿಕೊಂಡೆ.

ಬೆಳೆದ ಬುವಾಕಾಮ್ ಲಂಡನ್ನಿಗೆ ಹೋಗಿ ಯಾರ್ಯಾರದೋ ಹೋಟೆಲುಗಳಲ್ಲಿ ಅಡುಗೆ ಮಾಡಿದಳು. ಒಂದು ಸಲ ಊರಿಗೆ ಬಂದವಳೇ ಹೇಳಿದಳು: “ಅಲ್ಲಿ ಥಾಯ್ ಊಟ ಅಂದ್ರೆ ಬರೀ ಸಿಹಿ, ತೆಂಗಿನಹಾಲು. ನಮ್ಮ ಕಡೆ ಊಟದ ಹೋಟೆಲ್ ಈಗ ಒಂದೊಂದೇ ಶುರುವಾಗ್ತಿದಾವೆ. ನಾನೂ ತೆಗೀತೀನಿ ಅಪ್ಪಾ. ಲಾಪ್ ನಾನೇ ಕೊಚ್ತೀನಿ.”

“ನೀನಾ?” ಇಂಕೇವ್ ನಕ್ಕ. ಅವಳ ಮುಖ ಸಣ್ಣದಾಯಿತು.

ಆದರೆ ಅವಳು ಹೊರಡುವ ಬೆಳಿಗ್ಗೆ ನಾನು ಅವಳ ಪೆಟ್ಟಿಗೆಯ ಪಕ್ಕದಲ್ಲಿದ್ದೆ, ತೊಳೆಸಿಕೊಂಡು, ಗೋಣಿಚೀಲ ಸುತ್ತಿಸಿಕೊಂಡು. ತೊಳೆದ ಕೈ ಯಾವುದೆಂದು ನನಗೆ ಗೊತ್ತು. ಇಂಕೇವ್ ನೆನಪಿಗೆಂದು ಕೊಟ್ಟನೋ, ಕೊಚ್ಚಲೆಂದು ಕೊಟ್ಟನೋ? ಕೇಳಲು ಬುವಾಕಾಮ್‌ಗೆ ಧೈರ್ಯ ಬರಲಿಲ್ಲ. ಅರ್ಧ ಬಟ್ಟೆ ತೆಗೆದಿಟ್ಟು ಪೆಟ್ಟಿಗೆಯಲ್ಲಿ ನನಗೆ ಜಾಗ ಮಾಡಿದಳು.

ಲಂಡನ್ನಿನ ಒಂದು ಇಕ್ಕಟ್ಟಾದ ಬೀದಿಯಲ್ಲಿ ಹೋಟೆಲ್ ಶುರುವಾಯಿತು. ಅಪ್ಪನ ತಗ್ಗಿನಲ್ಲಿ ಮಗಳು ಕೊಚ್ಚಿದಳು, ಕದ್ದು ಮಾಡುವವಳ ಹಾಗೆ, ಮೆತ್ತಗೆ. ಅಷ್ಟರಲ್ಲಿ ಚಳಿಗಾಲ ಬಂತು. ವಾರದ ರಜೆಯ ಹಿಂದಿನ ರಾತ್ರಿ ಮನೆಗೆ ಹೊರಟವಳು ನನ್ನನ್ನು ಮುಟ್ಟಿ, “ಅಯ್ಯೋ, ಎಷ್ಟು ತಣ್ಣಗಿದೀಯ! ಇಂಥ ಚಳಿ ನೀನೆಲ್ಲಿ ಕಂಡಿದ್ದೆ” ಎಂದು ಹೀಟರಿನ ಪಕ್ಕ ಕೂರಿಸಿ ಹೋದಳು. ಹಾಯೆನಿಸಿತು. ಕನಸು ಬಿತ್ತು. ಊರಿನ ಬೇಸಿಗೆ, ನದಿಯ ಗಾಳಿ, ಮೈತುಂಬ ಚಿಗುರು. ಫಟ್ ಎಂಬ ಸದ್ದಿಗೆ ಎಚ್ಚರವಾಯಿತು. ತಗ್ಗಿನ ನಟ್ಟನಡುವೆ ನಾನು ಬಿರಿದಿದ್ದೆ.

ರಜೆ ಮುಗಿಸಿ ಬಂದ ಬುವಾಕಾಮ್ ನನ್ನನ್ನು ನೋಡಿ ಅತ್ತುಬಿಟ್ಟಳು. ಬಿರುಕಿನಲ್ಲಿ ಮಾಂಸ ಸಿಕ್ಕಿಕೊಳ್ಳುತ್ತದೆ, ಕೊಚ್ಚುವಂತಿಲ್ಲ. ನನ್ನನ್ನು ಬಾಗಿಲ ಬಳಿ ಇಟ್ಟು ಮೇಲೊಂದು ಹೂಕುಂಡ ಕೂರಿಸಿದಳು, ಮಾಂಸ ಅರೆಯುವ ಮಿಷನ್ ತಂದಳು. ಆ ಹೊತ್ತಿಗೇ ಬರಬೇಕೇ ಇಂಕೇವ್, ಮಗಳ ಹೋಟೆಲ್ ನೋಡಲಿಕ್ಕೆ!

ಅವನು ಅಂಟಕ್ಕಿಯ ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ, ಲಾಪ್‌ಗೆ ಒತ್ತಿ, ಒಂದು ತುತ್ತು ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿದ.

“ಇದು ಮಿಷನ್ನಿಂದು. ಕೊರಡೆಲ್ಲಿ?”

ಬುವಾಕಾಮ್ ತಲೆ ತಗ್ಗಿಸಿ ನನ್ನ ಕಡೆ ಕೈ ತೋರಿದಳು. “ಚಳಿ ಆಗತ್ತೆ ಅಂತ ಹೀಟರ್ ಪಕ್ಕ ಇಟ್ಟೆ ಅಪ್ಪಾ. ಸೀಳಿಹೋಯ್ತು.”

“ಮರಕ್ಕೆ ಚಳೀನಾ? ಎಂಥ ಹುಚ್ಚಿ ನೀನು!” ಇಂಕೇವ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಕುಂಡ ಇಳಿಸಿ, ಬಿರುಕಿನ ಮೇಲೆ ಬೆರಳಾಡಿಸಿ, ಗೆಣ್ಣಿನಿಂದ ಕುಟ್ಟಿ ನೋಡಿ, ನನ್ನನ್ನು ಎತ್ತಿ ಬೋರಲು ಹಾಕಿದ. ಇಷ್ಟು ಕಾಲ ನೆಲ ನೋಡಿಕೊಂಡಿದ್ದ ನನ್ನ ತಳ ಮೇಲೆ ಬಂತು. ಬಿರುಕು ಅಲ್ಲಿಯವರೆಗೆ ಇಳಿದಿರಲಿಲ್ಲ. ಒಂದು ಏಟಿನ ಗುರುತೂ ಇರಲಿಲ್ಲ.

“ಆ ಮಗ್ಗುಲು ನನ್ನದಿತ್ತು, ಮುಗೀತು. ಇದು ನಿಂದು. ನಿನ್ನ ತಗ್ಗು ನೀನೇ ಮಾಡ್ಕೋ” ಎಂದು ಅಂಗಿಯ ತೋಳು ಮಡಚಿದ. “ಕೊಚ್ಚು. ನಾನು ಸೊಪ್ಪು ತೊಳೀತೀನಿ.”

ಬುವಾಕಾಮ್ ಎರಡು ಕೈಗೂ ಮಚ್ಚು ತೆಗೆದುಕೊಂಡಳು. ಅವತ್ತು ಅವಳು ಮೆತ್ತಗೆ ಕೊಚ್ಚಲಿಲ್ಲ.

ಇಂಕೇವ್ ಊರಿಗೆ ಹೋಗಿ ಬಹಳ ದಿನವಾಯಿತು. ನನಗೂ ವಯಸ್ಸಾಗಿದೆ, ಈಗ ಯಾರೂ ನನ್ನನ್ನು ಹೀಟರಿನ ಬಳಿ ಕೂರಿಸುವುದಿಲ್ಲ. ಅಪ್ಪನ ತಗ್ಗು ಕೆಳಗೆ ಕತ್ತಲಲ್ಲಿ ತಣ್ಣಗಿದೆ, ಮೇಲೆ ಮಗಳದು ಅಂಗೈಯಷ್ಟು ಮೂಡಿದೆ. ಸಂಜೆಯ ಜೊಂಪಿನಲ್ಲಿ ಟಕಟಕ ಕೇಳುವಾಗ ಇದು ಯಾವ ಊರು, ಯಾರ ಕೈ ಎಂದು ಒಂದು ಗಳಿಗೆ ತಿಳಿಯುವುದೇ ಇಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಬಾಗಿಲು ತಳ್ಳಿ ಇಣುಕಿ, ಅದೇನು ಸದ್ದು ಎಂದು ಕೇಳುತ್ತಾರೆ.

“ಊಟದ್ದು. ಬನ್ನಿ, ಕೂತ್ಕೊಳ್ಳಿ” ಎನ್ನುತ್ತಾಳೆ ಬುವಾಕಾಮ್, ಕೈ ನಿಲ್ಲಿಸದೆ.