ಸಾವಿನ ಮನೆಯ ಹುಲ್ಲು

ವೆರ್ನಾ ಗಂಡ ಆರಿನ್‌ನನ್ನು ಮಣ್ಣು ಮಾಡಿ ಬರುವಷ್ಟರಲ್ಲಿ, ನೆರೆಯವರು ಅವಳ ಮನೆಯ ಮುಂದಿನ ತೋಟವನ್ನು ನೆಲಮಟ್ಟ ಕತ್ತರಿಸಿಹಾಕಿದ್ದರು.

ಕಾರಿನಿಂದ ಇಳಿದವಳಿಗೆ ಬೇರೆ ಯಾರದೋ ಮನೆಗೆ ಬಂದೆನೇನೋ ಅನ್ನಿಸಿತು. ಬೆಳಿಗ್ಗೆ ಎದೆಮಟ್ಟ ನಿಂತಿದ್ದ ಹುಲ್ಲುಗಾವಲಿನ ಗಿಡಗಳು, ನೇರಳೆ ಹೂ, ಹಳದಿ ಹೂ, ಚಿಟ್ಟೆ ಮೊಟ್ಟೆಯಿಡುವ ಹಾಲುಗಿಡ, ಎಲ್ಲವೂ ಕಾಲಡಿಯಲ್ಲಿ ಹಸಿರು ಪುಡಿಯಾಗಿ ಬಿದ್ದಿದ್ದವು. ದುಂಬಿಗಳು ಮಾತ್ರ ಹೂವಿದ್ದ ಎತ್ತರದಲ್ಲೇ ಬರಿಗಾಳಿಯನ್ನು ಸುತ್ತುತ್ತಿದ್ದವು.

ಅಮೆರಿಕದ ಅಯೋವಾ ರಾಜ್ಯದ ಆ ಊರಿನಲ್ಲಿ ಸಾವಿನ ಮನೆಯ ಹುಲ್ಲು ಕತ್ತರಿಸಿಕೊಡುವುದು ನೆರೆಧರ್ಮ. ಅಡುಗೆ ತಂದಿಡುವುದು ಹೆಂಗಸರ ಪಾಲು, ಯಂತ್ರ ಓಡಿಸುವುದು ಗಂಡಸರ ಪಾಲು. ಯಾರೂ ಕೇಳಿ ಮಾಡುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ.

ಅದಕ್ಕೆಂದೇ ಚರ್ಚಿಗೆ ಬಾರದೆ ಉಳಿದಿದ್ದ ಪಕ್ಕದ ಮನೆಯ ಲೈಲ್ ಬೆವರೊರೆಸುತ್ತ ಬಂದ.

"ನಿನಗೊಂದು ಭಾರ ಇಳೀತು ನೋಡು ವೆರ್ನಾ. ಆರಿನ್ ಅದೇನು ನೆಟ್ಟಿದ್ನೋ ಮಾರಾಯ್ತಿ, ಬ್ಲೇಡಿಗೇ ಸುತ್ತಿಕೊಳ್ತಿತ್ತು."

ವೆರ್ನಾ ಅಂಗಳದಂಚಿಗೆ ನಡೆದಳು. ಲೈಲ್ ಹಿಂದೆಯೇ ಬಂದ.

"ಜಗಳ ಆಡಿದೀವಿ, ಹಾವು ಸೇರ್ತವೆ ಅಂತ ದೂರು ಕೊಟ್ಟಿದೀವಿ. ಕೇಳಿದ್ನಾ? ಆದ್ರೂ ಒಳ್ಳೇ ಮನುಷ್ಯ. ಈ ಅಂಗಳ ಒಂದು ಬಿಟ್ರೆ."

ಅವಳು ಬಗ್ಗಿದಳು. ಎಲೆಯ ಚೂರಿಗೆ ಅಂಟಿದ ಪಟ್ಟೆಪಟ್ಟೆಯ ಅರ್ಧ ಹುಳು. ಚಿಟ್ಟೆಯಾಗಬೇಕಿದ್ದದ್ದು. ಆ ಅರ್ಧ ಇನ್ನೂ ಮಿಸುಕುತ್ತಿತ್ತು.

"ಹುಳ ಅದು, ಬಿಡು," ಎಂದ ಲೈಲ್.

ಆ ಬೀದಿಯವರು ಹುಲ್ಲಿಗೆ ನೀರುಣಿಸುತ್ತಾರೆ, ಗೊಬ್ಬರ ಉಣಿಸುತ್ತಾರೆ, ತಲೆಯೆತ್ತಿದರೆ ಕತ್ತರಿಸುತ್ತಾರೆ. ಒಂದು ಹೂವನ್ನೂ ಅರಳಗೊಡದ ಆ ದುಡಿತಕ್ಕೆ ಮರ್ಯಾದೆಯೆಂದು ಹೆಸರಿಟ್ಟುಕೊಂಡಿದ್ದಾರೆ.

ಅಷ್ಟರಲ್ಲಿ ಬೀದಿಯಂಚಿಗೆ ಟ್ಯಾಂಕು ಹೊತ್ತ ಗಾಡಿಯೊಂದು ಬಂದು ನಿಂತಿತು. ಕೈಗವಸು ತೊಟ್ಟವನೊಬ್ಬ ಕೊಳವೆ ಬಿಚ್ಚತೊಡಗಿದ.

"ಬೇರಿಗೆ ಮದ್ದು ಹೊಡೆಸಿಬಿಟ್ರೆ ಮುಗೀತು," ಎಂದ ಲೈಲ್. "ಮುಂದಿನ ವಾರ ಹೊಸ ಹುಲ್ಲುಹಾಸು ಬರತ್ತೆ. ಬೀದಿಯವರೆಲ್ಲ ಸೇರಿ ಕೊಡಿಸ್ತಿದೀವಿ."

ಬೇರು. ಆ ಮಾತು ಅವಳ ಕಿವಿಗೆ ಬಿತ್ತು. ಕಾಂಡ ಹೋಗಿದೆ, ಬೇರು ಹೋಗಿಲ್ಲ. ಆಳುದ್ದಕ್ಕಿಂತ ಆಳಕ್ಕಿಳಿಯುವ ಬೇರುಗಳವು. ಬೆಂಕಿ ಬಿದ್ದರೂ ವಸಂತಕ್ಕೆ ಚಿಗುರುತ್ತವೆ. ವಿಷ ಕುಡಿದರೆ ಚಿಗುರುವುದಿಲ್ಲ.

ವೆರ್ನಾ ಕೂಳೆಗಳ ನಡುವೆ ನಡೆದುಹೋಗಿ, ಕಪ್ಪು ಉಡುಪಿನಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಕೊಳವೆಯವನು ಪೆಚ್ಚಾದ. "ಸ್ವಲ್ಪ ಆಚೆ ಹೋಗ್ತೀರಾ ಮೇಡಂ? ಗಾಳಿಗೆ ನಿಮ್ಮ ಮೇಲೆ ಬೀಳತ್ತೆ."

"ಎದ್ದೇಳು ವೆರ್ನಾ," ಲೈಲ್ ದನಿ ತಗ್ಗಿಸಿದ. "ಜನ ನೋಡ್ತಿದಾರೆ. ದುಃಖದಲ್ಲಿ ನಿನಗೆ ಏನೂ ತೋಚ್ತಿಲ್ಲ. ಒಳಗೆ ಹೋಗಿ ಮಲಕ್ಕೋ."

"ನೋಡ್ಲಿ," ಎಂದಳು ವೆರ್ನಾ. "ನಿನಗೆ ಅಷ್ಟು ಕನಿಕರ ಇದ್ರೆ ಒಂದು ಕುರ್ಚಿ ತಂದುಕೊಡು. ನಾನು ಇಲ್ಲಿಂದ ಏಳಲ್ಲ."